ಕೊಡಗಿನಲ್ಲಿ ಓಟಕ್ಕೂ ದಿನಬಳಕೆಗೂ ವೈರ್‌ಲೆಸ್ ಹೆಡ್‌ಫೋನ್ ಆರಿಸುವ ಬಗೆ

ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಬೆಲೆಯನ್ನು, ಬಳಿಕ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬುದನ್ನು, ಅದಾದ ಮೇಲೆ ಬಾಸ್, ಅಂದರೆ ತಗ್ಗು ಸ್ವರ, ಹೇಗಿದೆ ಎಂಬುದನ್ನು ವಿಚಾರಿಸುತ್ತಾರೆ. ನಗರದ ಉದ್ಯಾನದೊಳಗೆ ಸುತ್ತು ಹಾಕುವವರಿಗೆ ಈ ಕ್ರಮ ಸಾಕಾಗಬಹುದು. ಆದರೆ ಮಡಿಕೇರಿಯ ಇಳಿಜಾರು ರಸ್ತೆಯಲ್ಲೋ ಸಿದ್ದಾಪುರದ ಕಡೆಯ ತೋಟದ ದಾರಿಯಲ್ಲೋ ಬೆಳಗಿನ ಓಟಕ್ಕೆ ಹೊರಡುವವರು, ಅದೇ ಸಾಧನವನ್ನು ಮೈಸೂರಿಗೆ ಹೋಗುವ ಬಸ್ಸಿನಲ್ಲಿ, ಮನೆಯಲ್ಲಿ ಕುಳಿತು ಮಾಡುವ ಕಚೇರಿ ಕೆಲಸದಲ್ಲಿ, ತೋಟದಿಂದ ಮಾತನಾಡುವ ಫೋನ್ ಕರೆಗಳಲ್ಲಿ ಬಳಸಬೇಕೆಂದಿರುವವರು, ಪ್ರಶ್ನೆಗಳ ಈ ಸರದಿಯನ್ನು ಬದಲಿಸಿಕೊಳ್ಳಬೇಕು. ಹೆಡ್‌ಫೋನ್ ಹಾಕಿಕೊಂಡಾಗಲೂ ಹೊರಗಿನ ಸದ್ದು ಎಷ್ಟು ಕೇಳಿಸಬೇಕು ಎಂಬುದು ಮೊದಲ ಪ್ರಶ್ನೆ. ಮಳೆಯನ್ನೂ ಬೆವರನ್ನೂ ಅದು ಎಷ್ಟು ತಡೆಯುತ್ತದೆ ಎಂಬುದು ಎರಡನೆಯದು. ನಮ್ಮ ಕಿವಿಯಲ್ಲಿ ಅದು ನಿಲ್ಲುತ್ತದೆಯೇ ಎಂಬುದು ಮೂರನೆಯದು. ಧ್ವನಿಯ ಗುಣ, ಬ್ಯಾಟರಿ, ಬೆಲೆ ಇವನ್ನೆಲ್ಲ ಈ ಮೂರು ಪರೀಕ್ಷೆಗಳಲ್ಲಿ ಉಳಿದ ಮಾದರಿಗಳ ನಡುವೆ ಮಾತ್ರ ಹೋಲಿಸಿ ನೋಡಬೇಕು.

ಮೊದಲು ನೀವು ಓಡುವ ದಾರಿಯನ್ನು ಗಮನಿಸಿ

ಅಂಗಡಿಗೆ ಹೋಗುವ ಮುನ್ನ, ವಾರದಲ್ಲಿ ಎಲ್ಲೆಲ್ಲಿ ಓಡುತ್ತೀರಿ, ಯಾವ ಹೊತ್ತಿನಲ್ಲಿ ಓಡುತ್ತೀರಿ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಕೊಡಗಿನ ಬಹುಪಾಲು ರಸ್ತೆಗಳಿಗೆ ಕಾಲುದಾರಿಯಿಲ್ಲ. ತಿರುವುಗಳು ಕುರುಡು ತಿರುವುಗಳು. ಮಂಜು ಕವಿದ ಬೆಳಗಿನಲ್ಲಿ ಎದುರಿನ ವಾಹನದ ದೀಪ ಕಾಣುವುದಕ್ಕಿಂತ ಮೊದಲು ಅದರ ಹಾರ್ನ್ ಕೇಳಿಸುತ್ತದೆ. ಸರಕಾರಿ ಬಸ್ಸಿನ ಚಾಲಕರು ತಿರುವಿಗೆ ಮುನ್ನ ಹಾರ್ನ್ ಹೊಡೆಯುವುದು ನಿಮ್ಮಂಥವರಿಗಾಗಿಯೇ. ವಾರಾಂತ್ಯದಲ್ಲಿ ಹೊರಜಿಲ್ಲೆಗಳ ಪ್ರವಾಸಿ ವಾಹನಗಳೂ ಸೇರಿಕೊಳ್ಳುತ್ತವೆ, ಅವುಗಳ ಚಾಲಕರಿಗೆ ಈ ತಿರುವುಗಳ ಪರಿಚಯ ಇರುವುದಿಲ್ಲ. ಇಂಥ ರಸ್ತೆಯಲ್ಲಿ ಓಡುವವರ ಎರಡೂ ಕಿವಿಗಳು ತೆರೆದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಿತಿಮತಿ, ಮಾಲ್ದಾರೆ, ಸಿದ್ದಾಪುರ, ಚೆಟ್ಟಳ್ಳಿ ಸುತ್ತಿನ ತೋಟಗಳಲ್ಲಿ ಕಾಡಾನೆಗಳ ಸಂಚಾರ ಇರುವುದು ಎಲ್ಲರಿಗೂ ಗೊತ್ತು. ಆನೆ ಅಷ್ಟು ದೊಡ್ಡ ಪ್ರಾಣಿಯಾದರೂ ಸದ್ದಿಲ್ಲದೆ ನಡೆಯಬಲ್ಲದು. ಅದು ಹತ್ತಿರದಲ್ಲಿದೆ ಎಂಬುದಕ್ಕೆ ರೆಂಬೆ ಮುರಿಯುವ ಸದ್ದೋ ಕಾಫಿ ಗಿಡಗಳು ಒತ್ತರಿಸಿದ ಸದ್ದೋ ಮಾತ್ರ ಸುಳಿವಾಗಿರುತ್ತದೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ಆ ಭಾಗದ ತೋಟದ ದಾರಿಗಳಲ್ಲಿ ಓಡುವವರಿಗೆ ಯಾವ ಬಗೆಯ ಹೆಡ್‌ಫೋನನ್ನೂ ನಾನು ಸೂಚಿಸಲಾರೆ. ಅಲ್ಲಿನವರು ಹಾಡು ಕೇಳುತ್ತಲೇ ಓಡಬೇಕೆಂದರೆ ಬಿಸಿಲು ಬಂದ ಮೇಲೆ ಊರಿನ ಮೈದಾನಕ್ಕೆ ಹೋಗುವುದೇ ಸರಿಯಾದ ದಾರಿ. ಕುಶಾಲನಗರದ ಕಡೆ ನೆಲ ಸಮತಟ್ಟಾಗಿದೆ, ಮಳೆಯೂ ಕಡಿಮೆ. ಆದರೆ ಅಲ್ಲಿ 275ನೇ ರಾಷ್ಟ್ರೀಯ ಹೆದ್ದಾರಿಯ ದಟ್ಟಣೆಯಿದೆ. ಹಾಕಿ ಮೈದಾನದಲ್ಲೋ ಶಾಲೆಯ ಆಟದ ಬಯಲಿನಲ್ಲೋ ಮಾತ್ರ ಸುತ್ತು ಹಾಕುವವರಿಗೆ ಆಯ್ಕೆಯ ಸ್ವಾತಂತ್ರ್ಯ ಎಲ್ಲರಿಗಿಂತ ಹೆಚ್ಚು.

ಯಾವ ಬಗೆಯದು ಎಂಬುದನ್ನು ತೀರ್ಮಾನಿಸಿ

ದಾರಿ ಯಾವುದೆಂದು ಸ್ಪಷ್ಟವಾದರೆ ಬಗೆಯನ್ನು ಆರಿಸುವುದು ಸುಲಭ. ಇಂದು ಸಿಗುವ ಸಾಧನಗಳಲ್ಲಿ ಓಟಕ್ಕೆ ಹೊಂದುವವು ಮುಖ್ಯವಾಗಿ ನಾಲ್ಕು: ಕಿವಿಯ ನಾಳಕ್ಕೆ ಸಿಲಿಕೋನ್ ತುದಿ ಸೇರಿಸಿ ಮುಚ್ಚುವ ಇಯರ್‌ಬಡ್, ಅಂಥದೇ ತುದಿಗಳು ಕೊರಳಪಟ್ಟಿಗೆ ಜೋಡಿಸಿರುವ ನೆಕ್‌ಬ್ಯಾಂಡ್, ಕಿವಿಯ ಹೊರಗೆ ಕೊಕ್ಕೆಯಿಂದ ನಿಂತು ಗಾಳಿಯ ಮೂಲಕವೇ ಧ್ವನಿ ಕಳುಹಿಸುವ ಓಪನ್ ಇಯರ್ ಮಾದರಿ, ಮತ್ತು ಕಿವಿಯ ಮುಂದಿನ ಕೆನ್ನೆಮೂಳೆಯನ್ನು ಕಂಪಿಸಿ ಒಳಗಿವಿಗೆ ನೇರವಾಗಿ ಧ್ವನಿ ಮುಟ್ಟಿಸುವ ಬೋನ್ ಕಂಡಕ್ಷನ್ ಮಾದರಿ. ತಲೆಯ ಮೇಲಿಂದ ಬಂದು ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನ್ ಮನೆಯೊಳಗೆ ಬಹಳ ಸುಖಕರ. ಆದರೆ ಓಡುವಾಗ ಅದು ಜಾರುತ್ತದೆ, ಅದರ ಮೆತ್ತೆ ಬೆವರು ಹೀರುತ್ತದೆ, ಮಳೆಗಾಲದಲ್ಲಿ ಆ ಮೆತ್ತೆಗೆ ಬೂಷ್ಟು ಹಿಡಿಯುತ್ತದೆ. ಓಟಕ್ಕೆ ಅದು ಬೇಡ.

ರಸ್ತೆಯಲ್ಲಿ ಓಡುವವರಿಗೆ ಓಪನ್ ಇಯರ್ ಅಥವಾ ಬೋನ್ ಕಂಡಕ್ಷನ್ ಮಾದರಿಯೇ ಮೊದಲ ಆಯ್ಕೆಯಾಗಬೇಕು. ಎರಡರಲ್ಲೂ ಕಿವಿಯ ನಾಳ ತೆರೆದೇ ಇರುತ್ತದೆ. ಬೋನ್ ಕಂಡಕ್ಷನ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಬಾಸ್ ಮಾತ್ರ ತೆಳು. ಧ್ವನಿ ಏರಿಸಿದರೆ ಕೆನ್ನೆಯ ಬಳಿ ಕಚಗುಳಿಯಂಥ ಕಂಪನವೂ ಆಗುತ್ತದೆ. ಓಪನ್ ಇಯರ್ ಮಾದರಿಯಲ್ಲಿ ಹಾಡಿನ ಗುಣ ಅದಕ್ಕಿಂತ ಚೆನ್ನಾಗಿರುತ್ತದೆಯಾದರೂ ಮೌನವಾದ ಕೋಣೆಯಲ್ಲಿ ಪಕ್ಕದವರಿಗೂ ಅಷ್ಟಿಷ್ಟು ಕೇಳಿಸುತ್ತದೆ. ಎರಡಕ್ಕೂ ಇರುವ ಒಂದು ಮಿತಿಯನ್ನು ಕೊಳ್ಳುವ ಮೊದಲೇ ಒಪ್ಪಿಕೊಳ್ಳಬೇಕು: ಬಸ್ಸಿನ ಎಂಜಿನ್ ಸದ್ದಿನ ನಡುವೆ ಇವು ಸೋಲುತ್ತವೆ, ಆಗ ಧ್ವನಿಯನ್ನು ವಿಪರೀತ ಏರಿಸುವ ಆಸೆ ಹುಟ್ಟುತ್ತದೆ. ಮತ್ತೊಂದು ಮಾತು ಇಲ್ಲಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬೋನ್ ಕಂಡಕ್ಷನ್ ಸಾಧನದ ಪಟ್ಟಿ ಕತ್ತಿನ ಹಿಂದೆ ಸುತ್ತಿ ಬರುವುದರಿಂದ ಮಳೆಕೋಟಿನ ಕಾಲರ್ ಅಥವಾ ತಲೆಮುಸುಕು ಅದನ್ನು ಪದೇ ಪದೇ ಮೇಲಕ್ಕೆ ತಳ್ಳುತ್ತದೆ. ನೀವು ಓಡುವಾಗ ಹಾಕುವ ಮಳೆಕೋಟನ್ನು ಅಂಗಡಿಗೆ ಒಯ್ದು, ಅದನ್ನು ತೊಟ್ಟೇ ಪರೀಕ್ಷಿಸಬೇಕು.

ಕಿವಿ ಮುಚ್ಚುವ ಇಯರ್‌ಬಡ್ ಧರಿಸಿ ಓಡಿದರೆ ಹೊರಗಿನ ಸದ್ದು ತಗ್ಗುತ್ತದೆ, ಜೊತೆಗೆ ನಿಮ್ಮ ಹೆಜ್ಜೆಯ ಬಡಿತವೇ ತಲೆಯೊಳಗೆ ಧಮ್ ಧಮ್ ಎಂದು ಕೇಳತೊಡಗುತ್ತದೆ. ನಾಳ ಮುಚ್ಚಿದಾಗ ದೇಹದ ಮೂಲಕ ಬರುವ ತಗ್ಗು ಸ್ವರದ ಕಂಪನ ಹೊರಹೋಗಲು ದಾರಿಯಿಲ್ಲದೆ ಹೀಗಾಗುತ್ತದೆ. ದುಬಾರಿ ಇಯರ್‌ಬಡ್ ಕೊಂಡ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ. ನಾಯ್ಸ್ ಕ್ಯಾನ್ಸಲೇಶನ್ ಎಂಬ ಸೌಲಭ್ಯ ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಸೃಷ್ಟಿಸಿ ಎರಡನ್ನೂ ಅಳಿಸುತ್ತದೆ. ಎಂಜಿನ್ನಿನಂಥ ಒಂದೇ ಸಮನಾದ ತಗ್ಗು ಸದ್ದಿನ ಮೇಲೆ ಅದು ಪರಿಣಾಮಕಾರಿ, ಆದ್ದರಿಂದಲೇ ಬಸ್ಸಿನಲ್ಲಿ ವರವಾಗುವ ಅದು ರಸ್ತೆಯಲ್ಲಿ ಓಡುವವರಿಗೆ ಅಪಾಯಕಾರಿ. ಇದಕ್ಕೆ ಪ್ರತಿಯಾಗಿ ಟ್ರಾನ್ಸ್‌ಪರೆನ್ಸಿ ಎಂಬ ಸ್ಥಿತಿಯಲ್ಲಿ ಹೊರಗಿನ ಸದ್ದನ್ನು ಮೈಕ್ ಮೂಲಕ ಒಳಗೆ ಬಿಡಲಾಗುತ್ತದೆ. ಆದರೆ ಇಳಿಜಾರಿನಲ್ಲಿ ಎದುರುಗಾಳಿ ಬೀಸುವಾಗ ಆ ಮೈಕಿಗೆ ಗಾಳಿಯ ಗುಯ್‌ಗುಟ್ಟುವಿಕೆಯೇ ಹೆಚ್ಚಾಗಿ ಕೇಳಿಸುತ್ತದೆ, ಬ್ಯಾಟರಿ ಮುಗಿದರೆ ಕಿವಿಯಲ್ಲಿ ಉಳಿಯುವುದು ಬರಿಯ ಬಿರಡೆ.

ಒಂದೇ ಕಿವಿಗೆ ಇಯರ್‌ಬಡ್ ಹಾಕಿಕೊಂಡು ಓಡುವ ರೂಢಿ ಅನೇಕರಿಗಿದೆ. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯಲು ಮಿದುಳಿಗೆ ಎರಡೂ ಕಿವಿಗಳ ಮಾಹಿತಿ ಬೇಕಾಗಿರುವುದರಿಂದ ಇದು ಪೂರ್ಣ ಪರಿಹಾರವಲ್ಲ. ಆದರೂ ಹಾಗೆ ಓಡುವುದಾದರೆ, ವಾಹನಗಳಿಗೆ ಎದುರಾಗಿ ರಸ್ತೆಯ ಬಲ ಅಂಚಿನಲ್ಲಿ ಓಡಿ, ಬಲಗಿವಿಗೆ ಮಾತ್ರ ಹಾಕಿಕೊಂಡು ರಸ್ತೆಯ ಕಡೆಗಿರುವ ಎಡಗಿವಿಯನ್ನು ತೆರೆದಿಡಿ.

ಒಂದೇ ಸಾಧನ ಎರಡಕ್ಕೂ ಆಗಬೇಕು ಎನ್ನುವವರಿಗೆ ನನ್ನ ಸಲಹೆ ಇದು. ಓಟ ಹೆಚ್ಚಾಗಿ ರಸ್ತೆಯಲ್ಲೇ ನಡೆಯುವುದಾದರೆ ಓಪನ್ ಇಯರ್ ಮಾದರಿಯನ್ನು ಕೊಳ್ಳಿ, ಬಸ್ ಪ್ರಯಾಣಕ್ಕೆ ಕಡಿಮೆ ಬೆಲೆಯ ತಂತಿಯ ಇಯರ್‌ಫೋನ್ ಒಂದನ್ನು ಚೀಲದಲ್ಲಿಡಿ. ಓಟ ಮೈದಾನದಲ್ಲಿ ಮಾತ್ರವಾದರೆ, ಟ್ರಾನ್ಸ್‌ಪರೆನ್ಸಿ ಸೌಲಭ್ಯವಿರುವ ಇಯರ್‌ಬಡ್ ಒಂದರಿಂದಲೇ ಎಲ್ಲ ಕೆಲಸವೂ ಆಗುತ್ತದೆ. ಹಣ ಕಡಿಮೆಯಿರುವವರಿಗೆ ನೆಕ್‌ಬ್ಯಾಂಡ್ ಒಳ್ಳೆಯದು: ಒಂದು ಬಡ್ ಕಳಚಿದರೂ ಚರಂಡಿಗೆ ಬೀಳದೆ ಕೊರಳಲ್ಲೇ ತೂಗುತ್ತದೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಗುಂಡಿಗಳು ಕೈಗೆ ಸಿಗುತ್ತವೆ.

ನೀರಿನ ಅಂಕಿಯನ್ನು ಓದುವುದು

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಜೋರು ಮಳೆಯ ಕಕ್ಕಡ ಮಾಸದಲ್ಲೂ ಓಟ ನಿಲ್ಲಿಸದವರಿಗೆ ಪೆಟ್ಟಿಗೆಯ ಮೇಲಿರುವ ಐಪಿ ಎಂಬ ಗುರುತಿನ ಅರ್ಥ ಚೆನ್ನಾಗಿ ತಿಳಿದಿರಬೇಕು. ಇದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕೊಡುವ ಅಂಕಿ. ಐಪಿ ಅಕ್ಷರಗಳ ನಂತರದ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಅಂಕಿಯ ಬದಲು ಎಕ್ಸ್ ಇದ್ದರೆ ಆ ಗುಣವನ್ನು ಘೋಷಿಸಿಲ್ಲ ಎಂದರ್ಥ. ನೀರಿನ ಅಂಕಿ 4 ಇದ್ದರೆ ಎಲ್ಲ ದಿಕ್ಕಿನಿಂದ ಸಿಡಿಯುವ ಹನಿಗಳನ್ನು ತಡೆಯುತ್ತದೆ. 5 ಎಂದರೆ 6.3 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರಿನಂತೆ ಚಿಮ್ಮುವ ನೀರನ್ನು ತಡೆಯುತ್ತದೆ. 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡುವುದಿಲ್ಲ. ಆದರೆ ಮುಳುಗುವ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಚಿಮ್ಮುವ ನೀರನ್ನೂ ತಡೆಯಲೇಬೇಕೆಂದಿಲ್ಲ, ಅವು ಬೇರೆ ಬೇರೆ ಪರೀಕ್ಷೆಗಳು.

ಕುಶಾಲನಗರದ ಕಡೆಯವರಿಗೆ, ಮಳೆ ಬಂದರೆ ಓಟ ಬಿಡುವವರಿಗೆ 4 ಸಾಕು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಓಡುವವರು 5ಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. ಬೆಲೆ ಹೆಚ್ಚಾದಂತೆ ಈ ಅಂಕಿಯೂ ಹೆಚ್ಚುತ್ತದೆ ಎಂದು ನಂಬಬೇಡಿ. ಬೋನ್ ಕಂಡಕ್ಷನ್ ಸಾಧನಗಳಿಗೆ ಹೆಸರಾದ ಶಾಕ್ಸ್ ಕಂಪನಿಯ ಓಪನ್‌ರನ್ ಮಾದರಿಗೆ ಐಪಿ 67 ಇದ್ದರೆ, ಅದಕ್ಕಿಂತ ದುಬಾರಿಯಾದ ಓಪನ್‌ರನ್ ಪ್ರೊ ಮಾದರಿಗೆ ಇರುವುದು ಐಪಿ 55.

ಈ ಪರೀಕ್ಷೆಗಳೆಲ್ಲ ಶುದ್ಧ ನೀರಿನಲ್ಲಿ, ಹೊಸ ಸಾಧನದ ಮೇಲೆ ನಡೆಯುತ್ತವೆ. ಬೆವರಿನಲ್ಲಿ ಉಪ್ಪಿದೆ, ಕಾಲಕ್ರಮೇಣ ಅಂಟು ಮತ್ತು ರಬ್ಬರಿನ ಬಿಗಿತ ಸಡಿಲವಾಗುತ್ತದೆ, ನೀರಿನಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುವ ಕಂಪನಿಗಳೂ ಇವೆ. ಇನ್ನೂ ಮುಖ್ಯವಾಗಿ, ಪೆಟ್ಟಿಗೆಯ ಮೇಲಿನ ಅಂಕಿ ಬಹಳಷ್ಟು ಸಲ ಇಯರ್‌ಬಡ್‌ಗೆ ಮಾತ್ರ ಸಲ್ಲುತ್ತದೆಯೇ ಹೊರತು ಚಾರ್ಜ್ ಮಾಡುವ ಡಬ್ಬಿಗಲ್ಲ. ಮಳೆಯಲ್ಲಿ ಓಡುವಾಗ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಅಂಗಡಿಯಲ್ಲಿ ಕಿವಿಗೆ ಹಾಕಿ ನೋಡುವುದು

ಒಬ್ಬರ ಕಿವಿಗೆ ಸರಿಹೋದದ್ದು ಇನ್ನೊಬ್ಬರಿಗೆ ಹೋಗುವುದಿಲ್ಲ. ಒಬ್ಬರದೇ ಎಡ ಬಲ ಕಿವಿಗಳ ಅಳತೆಯೂ ಬೇರೆಯಾಗಿರುತ್ತದೆ. ಸಿಲಿಕೋನ್ ತುದಿಗಳ ಮೂರೂ ಅಳತೆಗಳನ್ನು ಪ್ರತಿ ಕಿವಿಗೂ ಹಾಕಿ ನೋಡಿ. ತಲೆಯನ್ನು ಜೋರಾಗಿ ಅಲ್ಲಾಡಿಸಿ, ಬಾಯಿ ಅಗಲಿಸಿ ಅಗಿಯುವಂತೆ ಮಾಡಿ, ನಿಂತಲ್ಲೇ ಹತ್ತಾರು ಸಲ ಜಿಗಿಯಿರಿ. ಅಂಗಡಿಯವರು ನೋಡುತ್ತಾರೆಂದು ಸಂಕೋಚ ಬೇಡ. ಇಳಿಜಾರಿನಲ್ಲಿ ಓಡುವಾಗ ಬೀಳುವ ಹೆಜ್ಜೆಯ ಬಡಿತ ಸಮತಟ್ಟಿನದ್ದಕ್ಕಿಂತ ಜೋರಾಗಿರುವುದರಿಂದ, ಕಿವಿಗೆ ಸುತ್ತಿಕೊಳ್ಳುವ ಕೊಕ್ಕೆ ಅಥವಾ ಒಳಮಡಿಕೆಗೆ ಸಿಕ್ಕಿಕೊಳ್ಳುವ ಚಿಕ್ಕ ರೆಕ್ಕೆಯಿರುವ ಮಾದರಿ ಇಲ್ಲಿನವರಿಗೆ ಹೆಚ್ಚು ಹೊಂದುತ್ತದೆ. ಕನ್ನಡಕ ಹಾಕುವವರು ಕನ್ನಡಕದ ಕಡ್ಡಿಯೊಂದಿಗೆ ಆ ಕೊಕ್ಕೆ ತಿಕ್ಕಾಡುತ್ತದೆಯೇ ಎಂಬುದನ್ನೂ, ಚಳಿಗಾಲದಲ್ಲಿ ಉಣ್ಣೆಯ ಟೊಪ್ಪಿ ಧರಿಸುವವರು ಟೊಪ್ಪಿಯ ಒತ್ತಡದಲ್ಲಿ ಹತ್ತು ನಿಮಿಷದ ನಂತರ ನೋವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಸ್ಪರ್ಶದಿಂದ ನಡೆಯುವ ನಿಯಂತ್ರಣಕ್ಕಿಂತ ಒತ್ತುವ ಗುಂಡಿ ಮೇಲು. ಮಳೆಹನಿ ಬಿದ್ದರೆ ಸ್ಪರ್ಶಫಲಕ ತಾನಾಗಿಯೇ ಹಾಡು ಬದಲಿಸುತ್ತದೆ, ಕರೆಯನ್ನು ಕಡಿದುಹಾಕುತ್ತದೆ; ಒದ್ದೆ ಬೆರಳಿಗೆ ಸ್ಪಂದಿಸುವುದೂ ಇಲ್ಲ.

ಬ್ಲೂಟೂತ್, ಬ್ಯಾಟರಿ, ಕರೆ

ಜಾಹೀರಾತಿನಲ್ಲಿ ಎಲ್‌ಡಿಎಸಿ, ಆಪ್ಟ್ಎಕ್ಸ್ ಮುಂತಾದ ಕೋಡೆಕ್‌ಗಳ, ಅಂದರೆ ಧ್ವನಿಯನ್ನು ಸಂಕ್ಷೇಪಿಸಿ ಕಳುಹಿಸುವ ವಿಧಾನಗಳ ಹೆಸರು ದೊಡ್ಡದಾಗಿ ಅಚ್ಚಾಗಿರುತ್ತದೆ. ಎಲ್‌ಡಿಎಸಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಮಾಹಿತಿ ಸಾಗಿಸಬಲ್ಲದು ಎಂಬುದು ನಿಜವಾದರೂ, ಉಸಿರು ಏರಿಳಿಯುತ್ತ ಓಡುವವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಐಫೋನ್ ಬಳಸುವವರಿಗೆ ಎಎಸಿ ಎಂಬ ಕೋಡೆಕ್ ಇದ್ದರೆ ಸಾಕು. ಇದಕ್ಕಿಂತ ಮುಖ್ಯವಾದದ್ದು ಸಂಪರ್ಕ ಕಡಿಯದಿರುವುದು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರುತ್ತದೆ, ನಮ್ಮ ದೇಹದ ಬಹುಭಾಗ ನೀರು. ಮನೆಯೊಳಗೆ ಗೋಡೆಗಳಿಂದ ಪ್ರತಿಫಲಿಸಿಯಾದರೂ ತರಂಗ ಕಿವಿಗೆ ತಲುಪುತ್ತದೆ, ತೆರೆದ ಬಯಲಿನಲ್ಲಿ ಆ ಅನುಕೂಲವಿಲ್ಲ. ಫೋನನ್ನು ಹಿಂಜೇಬಿನಲ್ಲಿಟ್ಟಾಗ ಹಾಡು ತುಂಡು ತುಂಡಾಗಿ ಕೇಳಿಸಿದರೆ, ಅದನ್ನು ತೋಳಿಗೆ ಕಟ್ಟಿ ನೋಡಿದ ಬಳಿಕವೇ ಸಾಧನ ದೋಷಯುಕ್ತ ಎಂದು ತೀರ್ಮಾನಿಸಿ. ಗುಡ್ಡದ ಮರೆಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದಿರುವುದು ಬೇರೆಯದೇ ಸಮಸ್ಯೆ. ಅದಕ್ಕೆ ಹಾಡುಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದೇ ಉಪಾಯ.

ಬ್ಯಾಟರಿಯ ವಿಷಯದಲ್ಲಿ, ದೊಡ್ಡಕ್ಷರದಲ್ಲಿ ಬರೆದಿರುವ ಗಂಟೆಗಳ ಲೆಕ್ಕ ಡಬ್ಬಿಯನ್ನೂ ಸೇರಿಸಿದ್ದು. ಒಂದು ಸಲದ ಚಾರ್ಜಿಗೆ ಬಡ್ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಬೇರೆಯಾಗಿ ಕೇಳಿ. ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ ಮಳೆಗಾಲದಲ್ಲಿ ದೊಡ್ಡ ಬ್ಯಾಟರಿಯ ಡಬ್ಬಿ ಅಥವಾ ನೆಕ್‌ಬ್ಯಾಂಡ್ ಉಪಯೋಗಕ್ಕೆ ಬರುತ್ತದೆ.

ಕರೆಗಳ ಗುಣಮಟ್ಟವನ್ನು ಅಂಗಡಿಯ ಒಳಗಿನ ನಿಶ್ಶಬ್ದದಲ್ಲಿ ಅಳೆಯಬೇಡಿ. ಹೊರಗೆ ರಸ್ತೆಬದಿಗೆ ಬಂದು ಮನೆಯವರಿಗೆ ಕರೆ ಮಾಡಿ, ನಿಮ್ಮ ಮಾತು ಅವರಿಗೆ ಹೇಗೆ ಕೇಳಿಸುತ್ತಿದೆ ಎಂದು ಕೇಳಿ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡಕ್ಕೂ ಒಟ್ಟಿಗೆ ಜೋಡಿಸುವ ಮಲ್ಟಿಪಾಯಿಂಟ್ ಸೌಲಭ್ಯ ಮನೆಯಿಂದ ಕೆಲಸ ಮಾಡುವವರಿಗೆ ಅಗತ್ಯ, ಉಳಿದವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಕಿವಿಯ ಆರೋಗ್ಯ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಆಲಿಸುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ). ಮಕ್ಕಳಿಗೆ ಅದೇ ಅವಧಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ, 90 ಡೆಸಿಬೆಲ್ ಮುಟ್ಟಿದಾಗ ವಾರಕ್ಕೆ ಉಳಿಯುವುದು ಸುಮಾರು 4 ಗಂಟೆ ಮಾತ್ರ. ಬಹುತೇಕ ಫೋನ್‌ಗಳಲ್ಲಿ ಗರಿಷ್ಠ ಧ್ವನಿಗೆ ಮಿತಿ ಹಾಕುವ ಅಥವಾ ಎಚ್ಚರಿಸುವ ಸೌಲಭ್ಯ ಇರುತ್ತದೆ. ಹೊಸ ಹೆಡ್‌ಫೋನ್ ಜೋಡಿಸಿದ ದಿನವೇ ಅದನ್ನು ಚಾಲೂ ಮಾಡಿ.

ತೋಟದಲ್ಲಿ ಕೆಲಸ ಮಾಡುವವರು ಇನ್ನೊಂದು ವಿಷಯವನ್ನು ದಯವಿಟ್ಟು ಗಮನಿಸಬೇಕು. ಕಳೆ ಕತ್ತರಿಸುವ ಯಂತ್ರ, ಮರದ ಕೊಂಬೆ ಸವರುವ ಕಪಾತಿನ ಗರಗಸ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇವುಗಳ ಸದ್ದನ್ನು ಮರೆಸಲು ಇಯರ್‌ಬಡ್ ಹಾಕಿಕೊಂಡು ಹಾಡು ಏರಿಸುವುದನ್ನು ಈಗ ಎಲ್ಲೆಡೆ ಕಾಣುತ್ತೇವೆ. ನಾಯ್ಸ್ ಕ್ಯಾನ್ಸಲೇಶನ್ ಇರುವ ಹೆಡ್‌ಫೋನ್ ಕಿವಿರಕ್ಷಕಕ್ಕೆ ಬದಲಿಯಲ್ಲ. ಯಂತ್ರದ ಸದ್ದಿಗೆ ಹಾಡಿನ ಸದ್ದು ಸೇರಿ ಕಿವಿಗೆ ಇನ್ನಷ್ಟು ಕೆಡುಕಾಗುತ್ತದೆ, ಕಪಾತು ಮಾಡುವವನು ಮೇಲಿಂದ ಕೂಗಿದ ಎಚ್ಚರಿಕೆಯೂ ಕೇಳಿಸದೆ ಹೋಗುತ್ತದೆ. ಆ ಕೆಲಸಕ್ಕೆ ಬೇಕಾದ ಇಯರ್‌ಮಫ್ ಬೇರೆಯದೇ ವಸ್ತು, ಅದನ್ನು ಬೇರೆಯಾಗಿಯೇ ಕೊಳ್ಳಬೇಕು.

ತೇವದ ಹವೆಯಲ್ಲಿ ಕಿವಿಯ ನಾಳ ಮುಚ್ಚಿಯೇ ಇದ್ದರೆ ಶಿಲೀಂಧ್ರದ ಸೋಂಕು ತಗಲುವ ಸಂಭವ ಹೆಚ್ಚು. ಸ್ನಾನವಾದ ಕೂಡಲೇ, ಮಳೆಯಲ್ಲಿ ನೆನೆದು ಬಂದ ಕೂಡಲೇ ಒದ್ದೆ ಕಿವಿಗೆ ಇಯರ್‌ಬಡ್ ಹಾಕಬಾರದು. ತುರಿಕೆ ಅಥವಾ ಸೋರಿಕೆ ಕಂಡರೆ ಬಳಕೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಒಬ್ಬರ ಇಯರ್‌ಬಡ್ ಅನ್ನು ಇನ್ನೊಬ್ಬರು ಬಳಸುವುದೂ ಸಲ್ಲದು.

ಕೊಳ್ಳುವಾಗ ಮತ್ತು ಕೊಂಡ ಮೇಲೆ

ಭಾರತದಲ್ಲಿ ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ಆ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇದೆಯೇ ನೋಡಿ. ಸಂಖ್ಯೆಯಿಲ್ಲದ ಅಗ್ಗದ ನಕಲುಗಳನ್ನು ಕಿವಿಗೆ ಹಾಕಿಕೊಳ್ಳುವ ಧೈರ್ಯ ಮಾಡಬೇಡಿ, ಅವುಗಳೊಳಗೆ ಇರುವುದೂ ಲಿಥಿಯಂ ಬ್ಯಾಟರಿಯೇ. ನೀವು ಆರಿಸಿದ ಕಂಪನಿಯ ಸೇವಾಕೇಂದ್ರ ಜಿಲ್ಲೆಯಲ್ಲಿ ಇದೆಯೇ, ಇಲ್ಲವಾದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕೇ ಅಥವಾ ಕೊರಿಯರ್‌ನವರು ನಿಮ್ಮ ಪಿನ್‌ಕೋಡಿಗೆ ಬಂದು ಒಯ್ಯುತ್ತಾರೆಯೇ ಎಂಬುದನ್ನು ಹಣ ಕೊಡುವ ಮೊದಲು ಕೇಳಿ ತಿಳಿಯಿರಿ. ತೋಟದ ಒಳಗಿರುವ ಮನೆಗಳವರಿಗೆ ಈ ಪ್ರಶ್ನೆ ಬೆಲೆಯಲ್ಲಿನ ರಿಯಾಯಿತಿಗಿಂತ ಮುಖ್ಯ.

ಮರಳಿಸಲು ಅವಕಾಶವಿರುವ ದಿನಗಳಲ್ಲಿ ಸಾಧನವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬೇಡಿ. ನಿಮ್ಮ ಏರುದಾರಿಯಲ್ಲಿ ಒಂದು ದಿನ, ಇಳಿಜಾರಿನಲ್ಲಿ ಒಂದು ದಿನ ಓಡಿ, ಬಸ್ಸಿನಲ್ಲಿ ಬಳಸಿ, ಒಂದು ದೀರ್ಘ ಕರೆ ಮಾಡಿ. ಕಿವಿ ನೋಯುವುದು, ಜಾರುವುದು, ಹಿಂದಿನಿಂದ ಬರುವ ಜೀಪಿನ ಸದ್ದು ತಡವಾಗಿ ತಿಳಿಯುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡುಬಂದರೂ ಮರಳಿಸಿ.

ಓಡಿ ಬಂದ ಮೇಲೆ ಒದ್ದೆ ಬಡ್‌ಗಳನ್ನು ನೇರವಾಗಿ ಡಬ್ಬಿಗೆ ಹಾಕಬಾರದು. ಚಾರ್ಜ್ ಆಗುವ ಲೋಹದ ಚುಕ್ಕೆಗಳ ಮೇಲೆ ಬೆವರು ಉಳಿದು ವಿದ್ಯುತ್ ಹರಿದರೆ ಅವು ಬೇಗ ತುಕ್ಕು ಹಿಡಿಯುತ್ತವೆ. ಹೆಡ್‌ಫೋನ್‌ಗಳು ಕೆಡುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಪ್ಪಿನಂಶ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ಗಾಳಿಯಾಡುವಲ್ಲಿ ಸ್ವಲ್ಪ ಹೊತ್ತು ಬಿಟ್ಟ ನಂತರವೇ ಚಾರ್ಜಿಗಿಡಿ. ಮಳೆಗಾಲದಲ್ಲಿ ಬಟ್ಟೆಯ ಬೀರುವಿನಲ್ಲೂ ಬೂಷ್ಟು ಬರುವ ಮನೆಗಳಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಂದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಸಾಧನ ಒಣಗಿರುತ್ತದೆ. ಒದ್ದೆಯಾಯಿತೆಂದು ಬಚ್ಚಲ ಒಲೆಯ ಬಳಿಯೋ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲೋ ಇಡಬೇಡಿ, ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. ಕೆಲವು ವರ್ಷಗಳ ಬಳಕೆಯ ನಂತರ ಬ್ಯಾಟರಿಯ ಶಕ್ತಿ ಕುಗ್ಗುವುದು ಸಹಜ, ಸಣ್ಣ ಇಯರ್‌ಬಡ್‌ಗಳಲ್ಲಿ ಅದನ್ನು ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಊದಿಕೊಂಡ ಅಥವಾ ಚಾರ್ಜಿಗಿಟ್ಟಾಗ ಅತಿಯಾಗಿ ಬಿಸಿಯಾಗುವ ಸಾಧನವನ್ನು ಮತ್ತೆ ಬಳಸದೆ, ತೋಟದ ಗುಂಡಿಗೂ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಅಥವಾ ಕಂಪನಿಗೆ ಮರಳಿ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.